ಹೋಗುವ ಬೋರ್ಡು, ಬರುವ ಬೋರ್ಡು

ಬಸ್ ಡಿಪೋದ ಟೈಮ್‌ಕೀಪರನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಸಿರಾಡುತ್ತಿತ್ತು. ಡ್ರೈವರು, ಕಂಡಕ್ಟರು, ಬಸ್ಸು ತೊಳೆಯುವವರು, ಗೇಟಿನ ಕಾವಲುಗಾರ, ಎಲ್ಲರ ಬಾಯಲ್ಲೂ ಆತ ಟೈಮಣ್ಣ. ಇಪ್ಪತ್ತಾರು ವರ್ಷದಿಂದ ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳನ್ನು ಹೊರಗೆ ಬಿಡುವುದು ಅವನ ಕೆಲಸ. ಗಡಿಯಾರದ ಮುಳ್ಳು ಗೆರೆ ಮುಟ್ಟಿತೋ, ಸೀಟಿ ಊದಿದನೋ, ಬಸ್ಸು ಹೊರಟಿತೋ. ಆಮೇಲೆ ರಿಜಿಸ್ಟರಿನಲ್ಲಿ ಹೊರಟ ಗಳಿಗೆ, ಅದರ ಪಕ್ಕದ ಅಂಕಣದಲ್ಲಿ ತಡವಾಗಿದ್ದರೆ ಕಾರಣ. ಟೈರು, ಬ್ರೇಕು, ಡ್ರೈವರಿಗೆ ಹೊಟ್ಟೆನೋವು, ಹೀಗೆ ಕಾರಣಗಳು ನೂರಿದ್ದವು. ಅವುಗಳಲ್ಲಿ ಒಂದೂ ಟೈಮಣ್ಣನದಾಗಿರಲಿಲ್ಲ. ಅವನು ಸಾಯುವಾಗಲೂ ಎರಡು ನಿಮಿಷ ಮುಂಚೆ ರಿಜಿಸ್ಟರಿಗೆ ಬರೆದು, ಸೀಟಿ ಊದಿಕೊಂಡೇ ಹೋಗುತ್ತಾನೆ ಎಂದು ಡ್ರೈವರುಗಳು ಆಡಿಕೊಳ್ಳುತ್ತಿದ್ದರು.

ಅವನಿಗೆ ಇನ್ನೊಂದು ಕೆಲಸವೂ ಇತ್ತು. ಅದನ್ನು ಯಾರೂ ವಹಿಸಿರಲಿಲ್ಲ, ತಾನಾಗಿ ಬಂದು ಅಂಟಿಕೊಂಡದ್ದು. ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಆದ್ದರಿಂದ ಬಸ್ಸಿನ ಮುಂದೆ ಸಿಕ್ಕಿಸುವ ಊರುಗಳ ಬೋರ್ಡನ್ನು ಅವನೇ ಬರೆಯುತ್ತಿದ್ದ. ಒಂದೊಂದು ಬೋರ್ಡಿಗೂ ಎರಡು ಮುಖ. ಹೋಗುವ ಮುಖದಲ್ಲಿ ಎಲ್ಲಕ್ಕಿಂತ ಹತ್ತಿರದ ಊರು ಮೇಲೆ, ಅದರ ಕೆಳಗೆ ಅದಕ್ಕಿಂತ ದೂರದ್ದು, ತೀರಾ ದೂರದ್ದು ತಳದಲ್ಲಿ. ಬಸ್ಸು ಅಲ್ಲಿ ಮುಟ್ಟಿದ ಮೇಲೆ ಡ್ರೈವರು ಬೋರ್ಡನ್ನು ತಿರುಗಿಸಿ ಸಿಕ್ಕಿಸುತ್ತಾನೆ. ಆ ಬರುವ ಮುಖವನ್ನು ಆ ಕಡೆಯ ಡಿಪೋದವರು ಬರೆಯುತ್ತಾರೆ. ಹೀಗಾಗಿ ದೂರದ ಊರಿನಿಂದ ಶುರುಮಾಡಿ ಬರೆಯುವುದು ಟೈಮಣ್ಣನ ಕೈಗೆ ಗೊತ್ತೇ ಇರಲಿಲ್ಲ.

ಕಾಲಿಗಂತೂ ದೂರದ ಊರೇ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಇಡೀ ಸಂಸಾರಕ್ಕೆ ಎಲ್ಲಿಗೆ ಬೇಕಾದರೂ ಹೋಗಿಬರಲು ಪಾಸು ಸಿಗುತ್ತಿತ್ತು, ವರ್ಷವರ್ಷವೂ ಅದು ಮೇಜಿನ ಖಾನೆಯಲ್ಲೇ ಮುಗಿದುಹೋಗುತ್ತಿತ್ತು. ರಜೆ ಹಾಕಿದರೆ ಇನ್ಯಾರೋ ಸೀಟಿ ಊದುತ್ತಾರೆ, ಎರಡು ನಿಮಿಷ ಹಿಂದೆ ಮುಂದೆ ಮಾಡುತ್ತಾರೆ ಎಂಬುದು ಅವನ ಹೆದರಿಕೆ. ಡಿಪೋದ ಹಿಂದಿನ ಶೆಡ್ಡಿನಲ್ಲಿ ಬಸ್ಸಿನ ಸೀಟುಗಳಿಗೆ ಕವರು ಹೊಲಿಯುತ್ತಿದ್ದ ಅವನ ಹೆಂಡತಿ, ಊರಿಗೆಲ್ಲ ದಾರಿ ತೋರಿಸುವ ಕೈಮರ ತಾನು ನಿಂತಲ್ಲಿಂದ ಕದಲುವುದುಂಟೇ ಎನ್ನುತ್ತಿದ್ದಳು. ಅವನು ನಗುತ್ತಿದ್ದ. ಆದರೆ ಸಂಜೆ ಏಳೂ ಇಪ್ಪತ್ತಕ್ಕೆ ಕಡಲಿನ ಬಸ್ಸು ಹನ್ನೊಂದು ಗಂಟೆಯ ದಾರಿ ಸವೆಸಿ ಒಳಗೆ ಬಂದಾಗ, ಗಾಜಿನ ಮೇಲೆ ಬೆಳ್ಳಗೆ ಕೂತ ಉಪ್ಪಿನ ಧೂಳನ್ನು ಬೇರೆ ಬಸ್ಸುಗಳ ಧೂಳಿಗಿಂತ ತುಸು ಹೆಚ್ಚು ಹೊತ್ತು ನೋಡುತ್ತಿದ್ದ. ಇವತ್ತು ಅಲೆ ಹೇಗಿತ್ತು ಎಂದು ಡ್ರೈವರನ್ನು ಕೇಳುತ್ತಿದ್ದ. ಅದು ಪ್ರತಿದಿನವೂ ಇದ್ದ ಹಾಗೇ ಇರುತ್ತದೆ ಎಂದು ಡ್ರೈವರು ಹೇಳುತ್ತಿದ್ದ. ಅಷ್ಟೇ ಮಾತು.

ಆ ಬಸ್ಸನ್ನು ಕಾಯುತ್ತಿದ್ದವರು ಡಿಪೋದಲ್ಲಿ ಇನ್ನೊಬ್ಬರಿದ್ದರು, ಅವನ ಒಬ್ಬಳೇ ಮಗಳು. ಎದುರು ರಸ್ತೆಯಲ್ಲೇ ಅವಳ ಶಾಲೆ. ಬಿಟ್ಟ ಮೇಲೆ ಡಿಪೋಗೆ ಬಂದು ಅಪ್ಪನ ಗೂಡಿನಲ್ಲಿ ಓದಿಕೊಳ್ಳುತ್ತಾ ಕೂರುವುದು ಚಿಕ್ಕಂದಿನ ಅಭ್ಯಾಸ. ಗುರುವಾರ ಮಾತ್ರ ಕಡಲಿನ ಬಸ್ಸು ಬಂದ ಕೂಡಲೇ ಖಾಲಿ ಬೆಂಕಿಪೊಟ್ಟಣ, ಹಳೆಯ ಬ್ಲೇಡು ಹಿಡಿದು ಓಡುತ್ತಾಳೆ, ಮೆಟ್ಟಿಲಿನ ಅಡಿಗೆ ತಲೆ ತೂರಿಸಿ ತುಕ್ಕು ಕೆರೆದುಕೊಳ್ಳುತ್ತಾಳೆ. ಕಡಲಿನ ಬಸ್ಸಿನ ತುಕ್ಕು ಸುಟ್ಟಗಾಯದ ಹಾಗೆ ಬೊಬ್ಬೆ ಎದ್ದು ಪದರ ಪದರವಾಗಿ ಬರುತ್ತದೆ, ಬಯಲಿನ ಬಸ್ಸಿನದು ಬರೀ ಕಂದು ಹಿಟ್ಟು. ಕಬ್ಬಿಣ ಒಂದೇ, ಕಾರ್ಖಾನೆ ಒಂದೇ, ಹಾಗಿದ್ದ ಮೇಲೆ ಯಾಕೆ ಹೀಗೆ ಎಂಬುದು ಹತ್ತನೇ ವಯಸ್ಸಿಗೆ ಅವಳ ತಲೆಗೆ ಹೊಕ್ಕಿತ್ತು. ಆ ವರ್ಷ ಮನೆಯ ಲೋಟಗಳಲ್ಲೆಲ್ಲ ಮೊಳೆಗಳು ನೆನೆಯುತ್ತಿದ್ದವು, ಕಾಯಿಸಿದ ನೀರಿನಲ್ಲಿ ಒಂದು, ಉಪ್ಪು ನೀರಿನಲ್ಲಿ ಒಂದು, ಎಣ್ಣೆ ತೇಲಿಸಿದ್ದರಲ್ಲಿ ಒಂದು. ಈಗ ಅವಳಿಗೆ ಹದಿನೇಳು. ಮಂಚದ ಕೆಳಗೆ ಮೂರು ವರ್ಷದ ನೂರನಲವತ್ತು ಬೆಂಕಿಪೊಟ್ಟಣಗಳಿವೆ, ಒಂದೊಂದರ ಮೇಲೂ ತಾರೀಖು, ಬಸ್ಸಿನ ನಂಬರು. ಮೆಕ್ಯಾನಿಕ್ಕುಗಳು ಅವಳಿಗೆ ತುಕ್ಕಮ್ಮ ಎಂದು ಹೆಸರಿಟ್ಟಿದ್ದರು. ಎಲ್ಲರ ಮನೆ ಹೆಣ್ಣುಮಕ್ಕಳು ಚಿನ್ನ ಕೂಡಿಡುತ್ತಾರೆ, ನಮ್ಮ ತುಕ್ಕಮ್ಮ ನೋಡಿ ಎಂದು ಛೇಡಿಸಿದರೆ, "ನಿಮ್ಮ ಚಿನ್ನಕ್ಕೆ ಏನೂ ಆಗಲ್ಲ ಮಾವ. ಏನೂ ಆಗದ್ದನ್ನ ಎಷ್ಟು ದಿನ ಅಂತ ನೋಡೋದು?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ವರ್ಷ ಅವಳ ಶಾಲೆ ಮುಗಿಯುವುದಿತ್ತು. ಕಾಲೇಜಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ಎಂಟು ಗೆರೆ, ಎಂಟು ಕಾಲೇಜು. ನಿಯಮ ಏನೆಂದರೆ, ಕಚೇರಿಯವರು ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರುತ್ತಾರೆ, ಅಂಕ ಎಲ್ಲಿ ಮೊದಲು ಸಾಕಾಗುತ್ತದೋ ಅಲ್ಲಿ ಸೀಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅದರ ಕೆಳಗಿನ ಗೆರೆಗಳತ್ತ ಕಣ್ಣೂ ಹಾಯಿಸುವುದಿಲ್ಲ. ಒಬ್ಬರಿಗೆ ಒಂದೇ ಫಾರಂ. ಚಿತ್ತು ಮಾಡಿದರೆ ಕಸದ ಬುಟ್ಟಿಗೆ.

ಕೆಮಿಸ್ಟ್ರಿ ಟೀಚರು ಅವಳನ್ನು ಕೂರಿಸಿಕೊಂಡು ಪಟ್ಟಿ ಕಟ್ಟುವ ಬಗೆ ಹೇಳಿಕೊಟ್ಟಿದ್ದರು. ಹಾರಿ ಹಿಡಿಯಬೇಕಾದಂಥವು ಎರಡು, ನಿಂತು ಕೈಚಾಚಿದರೆ ಎಟುಕುವಂಥವು ನಾಲ್ಕು, ಕೂತಲ್ಲೇ ಸಿಗುವಂಥವು ಎರಡು. ಬರೀ ಹಾರುವವನು ಬಿದ್ದರೆ ನೆಲವಿರುವುದಿಲ್ಲ, ಬರೀ ಕೂತವನಿಗೆ ಕಾಲಿದ್ದೂ ದಂಡ. ಇನ್ನೊಂದು ಷರತ್ತನ್ನೂ ಹಾಕಿದ್ದರು. ಒಂದೊಂದು ಕಾಲೇಜನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಅಲ್ಲಿಗೆ ಯಾಕೆ ಖುಷಿಯಿಂದ ಹೋಗುತ್ತೇನೆ ಎಂಬುದಕ್ಕೆ ಚೀಟಿಯ ಹಿಂದೆ ಒಂದು ಕಾರಣ ಬರೆಯಬೇಕು. ಕಾರಣ ಹೊಳೆಯದಿದ್ದರೆ ಆ ಚೀಟಿ ಹರಿದು ಬೇರೆ ಹುಡುಕಬೇಕು. ಕೂತಲ್ಲೇ ಸಿಗುವಂಥದಕ್ಕೂ ಈ ಮಾತು ತಪ್ಪಿದ್ದಲ್ಲ. ಯಾಕೆಂದರೆ ಕೊನೆಗೆ ಹಣೆಯಲ್ಲಿ ಅದೇ ಬರೆದಿರಬಹುದು, ಆಗ ಅಳುತ್ತಾ ಹೋಗಬಾರದು.

ಮೂರು ವಾರ ಮನೆಯಲ್ಲಿ ಚೀಟಿಗಳದೇ ಕಾರುಬಾರು. ಊಟದ ಮೇಜಿನ ಮೇಲೆ ತಟ್ಟೆಗೆ ಜಾಗವಿಲ್ಲದಂತೆ ಹರಡಿಕೊಂಡು ಮಗಳು ಮೇಲೆ ಕೆಳಗೆ ಮಾಡುತ್ತಿದ್ದಳು. ಮೇಲಿನ ಚೀಟಿ ಮಾತ್ರ ಒಂದು ದಿನವೂ ಅಲುಗಲಿಲ್ಲ. ಅದು ಕಡಲಿನ ಕಾಲೇಜು. ಅದರ ಮಾಳಿಗೆಯ ಮೇಲೆ ಸಮುದ್ರದ ಗಾಳಿಗೆ ಮುಖಮಾಡಿ ಕಬ್ಬಿಣದ ತಗಡುಗಳನ್ನು ಸಾಲಾಗಿ ನೇತುಹಾಕಿದ್ದಾರಂತೆ, ವರ್ಷ ವರ್ಷ ಇಳಿಸಿ ತೂಗಿ ಮತ್ತೆ ನೇತುಹಾಕುತ್ತಾರಂತೆ, ಅವುಗಳಲ್ಲಿ ಒಂದು ತಗಡು ಅಪ್ಪನಿಗಿಂತ ಹಳೆಯದಂತೆ. ಇದನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಆ ತಗಡು ದೂರದ ನೆಂಟರ ಪೈಕಿಯೇನೋ ಎಂಬಂತೆ ಅವಳಮ್ಮ ಅದರ ಆರೋಗ್ಯ ವಿಚಾರಿಸಿಕೊಳ್ಳುತ್ತಿದ್ದಳು. ಅಲ್ಲಿ ನಲವತ್ತೇ ಸೀಟು. ಹೋದ ವರ್ಷ ಕೊನೆಯ ಸೀಟು ತೊಂಬತ್ತನಾಲ್ಕಕ್ಕೆ ಹೋಗಿತ್ತು. ಮಗಳಿಗೆ ಶಾಲೆಯ ಪರೀಕ್ಷೆಯಲ್ಲಿ ಬಂದದ್ದು ತೊಂಬತ್ತಮೂರು. ಹಾರಿ ಹಿಡಿಯುವುದು ಎಂದರೆ ಅದೇ.

ತಳದ ಚೀಟಿ ಊರಾಚೆಯ ಕಾಲೇಜು. ಬಸ್ಸಿನಲ್ಲಿ ನಾಲ್ಕನೇ ಸ್ಟಾಪು, ಇಪ್ಪತ್ತು ನಿಮಿಷಕ್ಕೊಂದು ಬಸ್ಸು, ಕೇಳಿದವರಿಗೆಲ್ಲ ಸೀಟು. ಮಗಳು ಒಮ್ಮೆ ಹೋಗಿ ನೋಡಿಬಂದು, ಅಲ್ಲಿನ ಲ್ಯಾಬಿನಲ್ಲಿ ತಕ್ಕಡಿಗೆ ಹೊದಿಸಿದ ಬಟ್ಟೆ ತೆಗೆದು ಯಾವ ಕಾಲವಾಯಿತೋ ಎಂದಿದ್ದಳು. ಅವಳಮ್ಮನಿಗೆ ಅದೇ ಇಷ್ಟ. ತಕ್ಕಡಿಗೆ ಬಟ್ಟೆ ಹೊದಿಸುವವರು ಮಕ್ಕಳನ್ನೂ ಹುಷಾರಾಗಿಯೇ ನೋಡಿಕೊಳ್ಳುತ್ತಾರೆ ಎಂಬುದು ಅವಳ ವಾದ. ಹತ್ತಿರದ ಕಾಲೇಜಿನಲ್ಲೇನು ಕಬ್ಬಿಣ ತುಕ್ಕು ಹಿಡಿಯುವುದಿಲ್ಲವೇ ಎಂದು ಅವಳು, ಹಿಡಿಯುತ್ತದೆ ಆದರೆ ಅದನ್ನು ಕೇಳುವವರಿಲ್ಲ ಎಂದು ಮಗಳು. ಟೈಮಣ್ಣ ನಡುವೆ ಬಾಯಿ ಹಾಕಲಿಲ್ಲ. ಹಾಕಬೇಕೆನಿಸಿದಾಗಲೆಲ್ಲ ಎದ್ದು ನೀರು ಕುಡಿದು ಬರುತ್ತಿದ್ದ. ಆ ಮೂರು ವಾರದಲ್ಲಿ ಅವನು ತುಂಬಾ ನೀರು ಕುಡಿದ.

ಕೊನೆಗೆ ಪಟ್ಟಿ ನಿಂತಿತು. ಮಗಳದು ಕೋಳಿ ಕೆರೆದ ಅಕ್ಷರ. ಒಂದೇ ಫಾರಂ, ಚಿತ್ತಿಗೆ ಜಾಗವಿಲ್ಲ. ಅವಳು ಕೆಳಗೆ ಸಹಿ ಮಾತ್ರ ಮಾಡಿ, ಚೀಟಿಗಳನ್ನು ಸಾಲಾಗಿ ಜೋಡಿಸಿ ಪಿನ್ನು ಚುಚ್ಚಿ, "ನೀನೇ ಬರಿ ಅಪ್ಪ. ನಿನ್ನ ಅಕ್ಷರ ನೋಡಿಯಾದ್ರೂ ಸೀಟು ಕೊಡ್ಲಿ" ಎಂದು ಕೊಟ್ಟು ಬೆಳಗಿನ ಕ್ಲಾಸಿಗೆ ಓಡಿದಳು.

ಅವನು ಡ್ಯೂಟಿಗೆ ಮುಂಚೆ ಮನೆಯ ಮೇಜಿನ ಮೇಲೆ ಫಾರಂ ಹರಡಿ, ಡಿಪೋದ ಅಭ್ಯಾಸದಂತೆ ಅದರ ಕೆಳಗೆ ಕಾರ್ಬನ್ನು, ಇನ್ನೊಂದು ಹಾಳೆ ಇಟ್ಟ. ಬರೆಯುವ ಮೊದಲು ಪಿನ್ನು ತೆಗೆದು ಚೀಟಿಗಳ ಹಿಂಬದಿ ಓದಿದ. ಓದಬಾರದೆಂದು ಯಾರೂ ಹೇಳಿರಲಿಲ್ಲ. ಒಂದರ ಹಿಂದೆ ತಗಡುಗಳು. ಒಂದರ ಹಿಂದೆ ರಾತ್ರಿಯವರೆಗೂ ತೆರೆದಿರುವ ಲೈಬ್ರರಿ. ನದಿ ಪಕ್ಕದ ಊರಿನದಕ್ಕೆ ಹಳೆಯ ಕಬ್ಬಿಣದ ಸೇತುವೆ. ಎಲ್ಲ ಹೀಗೇ, ಲೋಹ, ಲ್ಯಾಬು, ಪಾಠ. ಊರಾಚೆಯ ಕಾಲೇಜಿನ ಚೀಟಿ ತಿರುಗಿಸಿದ. ಕೋಳಿ ಕೆರೆದ ಅಕ್ಷರದಲ್ಲಿ ಒಂದೇ ಸಾಲಿತ್ತು: ಸಂಜೆ ಅಪ್ಪನ ಜೊತೆ ಮನೆಗೆ ಬರಬಹುದು.

ಅವನು ಅದನ್ನು ಎಷ್ಟು ಹೊತ್ತು ಹಿಡಿದುಕೊಂಡಿದ್ದನೋ. ಗಡಿಯಾರ ನೋಡದೆ ಅವನು ಕಳೆದ ಹೊತ್ತು ಅದೊಂದೇ ಇರಬೇಕು. ಆಮೇಲೆ ಪೆನ್ನು ತೆಗೆದುಕೊಂಡು ಎಂಟೂ ಗೆರೆಯನ್ನು ಒಂದೇ ಉಸಿರಿಗೆ ಬರೆದ. ಬಾಗಿಲಿಗೆ ಬೀಗ ಹಾಕಿ, ದಾರಿಯಲ್ಲಿ ಶಾಲೆಯ ಗುಮಾಸ್ತನಿಗೆ ಫಾರಂ ಕೊಟ್ಟು, ಗೂಡಿಗೆ ಬಂದು ಕೂತ. ಕಾರ್ಬನ್ ಪ್ರತಿಯನ್ನು, ಚೀಟಿಗಳನ್ನು ಮೇಜಿನ ಖಾನೆಯಲ್ಲಿ ಪಾಸಿನ ಪಕ್ಕ ಇಟ್ಟ.

ಮಾರನೆಯ ದಿನ ಗುರುವಾರ. ಅರ್ಜಿಗಳಿಗೆಲ್ಲ ಅವತ್ತೇ ಕೊನೆ. ಐದು ಗಂಟೆಯೊಳಗೆ ಎರಡು ಗಂಟೆ ದಾರಿಯಾಚೆಯ ಕಚೇರಿಗೆ ಮುಟ್ಟಬೇಕು. ಮಧ್ಯಾಹ್ನ ಎರಡೂ ನಲವತ್ತರ ಬಸ್ಸಿಗೆ ಶಾಲೆಯ ಗುಮಾಸ್ತ ಅರ್ಜಿಗಳ ಚೀಲವನ್ನು ಎದೆಗವಚಿಕೊಂಡು ಬಂದು, ಎರಡೂ ಹತ್ತಕ್ಕೇ ಮುಂದಿನ ಸೀಟಿನಲ್ಲಿ ಪ್ರತಿಷ್ಠಾಪನೆಯಾಗಿದ್ದ. ಅದು ಬಿಟ್ಟರೆ ಐದರೊಳಗೆ ಮುಟ್ಟುವ ಬಸ್ಸಿಲ್ಲ.

ಟೈಮಣ್ಣ ಗೂಡಿನ ಹೊರಗೆ ಸ್ಟೂಲಿನ ಮೇಲೆ ಕೂತು ಹೊಸ ಬೋರ್ಡು ಬರೆಯುತ್ತಿದ್ದ. ಬೇರೆ ಡಿಪೋದಿಂದ ವರ್ಗವಾಗಿ ಬಂದ ಕಂಡಕ್ಟರಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅಕ್ಷರವನ್ನು ಹೊಗಳಿ, ಆಮೇಲೆ ತಡೆಯಲಾರದೆ ಕೇಳಿದಳು.

"ಅಲ್ಲ ಅಣ್ಣಾ, ಜನ ಹತ್ತೋದು ದೂರದೂರಿಗೆ. ನೀವು ನೋಡಿದ್ರೆ ಕೂಗಳತೆ ಊರನ್ನ ನೆತ್ತಿ ಮೇಲೆ ಕೂರಿಸಿದೀರಿ. ದೂರದೂರು ಪಾದದ ಹತ್ರ ಬಿದ್ದಿದೆ."

"ಬೋರ್ಡು ಅಂದ್ರೆ ಹತ್ತಿರದಿಂದ ದೂರಕ್ಕೆ ಕಣಮ್ಮ. ಇಪ್ಪತ್ತಾರು ವರ್ಷ ಆಯ್ತು, ಕಣ್ಣು ಕಟ್ಟಿ ಪೆನ್ನು ಕೊಟ್ರೂ ನನ್ನ ಕೈ ಬರೆಯೋದು ಹಾಗೇ."

ಹೇಳಿ ಮುಗಿಸಿದವನು ಕುಂಚವನ್ನು ಹಾಗೇ ಗಾಳಿಯಲ್ಲಿ ಹಿಡಿದು ಕೂತುಬಿಟ್ಟ. ಬಿಳಿ ಬಣ್ಣ ತೊಟ್ಟಿಕ್ಕಿ ಪ್ಯಾಂಟಿನ ಮೇಲೆ ಬಿತ್ತು. ಅದನ್ನು ಕಂಡಕ್ಟರಮ್ಮ ತೋರಿಸಿದರೂ ನೋಡದೆ ಎದ್ದು ಗೂಡಿನೊಳಗೆ ಹೋಗಿ ಖಾನೆ ಎಳೆದ.

ಕಾರ್ಬನ್ ಪ್ರತಿಯಲ್ಲಿ ನೀಲಿ ಅಕ್ಷರಗಳು ಮುತ್ತಿನ ಹಾಗೇ ಇದ್ದವು. ಮೊದಲ ಗೆರೆಯಲ್ಲಿ ಊರಾಚೆಯ ಕಾಲೇಜು. ಎರಡನೆಯದರಲ್ಲಿ ಒಂದು ಗಂಟೆ ದಾರಿಯದು. ಹಾಗೆಯೇ ಇಳಿಯುತ್ತಾ ಇಳಿಯುತ್ತಾ, ಎಂಟನೆಯ ಗೆರೆಯಲ್ಲಿ, ಪಾದದ ಹತ್ತಿರ, ಕಡಲು.

ಎರಡೂ ಹದಿನೇಳು. ಅವನು ಕುರ್ಚಿಯಲ್ಲಿ ಕೂತ. ಗಾಜಿನಾಚೆ ಮುಂದಿನ ಸೀಟಿನಲ್ಲಿ ಗುಮಾಸ್ತ ಚೀಲದ ಮೇಲೆ ಕೈಯಿಟ್ಟು ತೂಕಡಿಸುತ್ತಿದ್ದ.

ಈಗ ಏನೂ ಮಾಡದಿದ್ದರೆ ಏನಾಗುತ್ತದೆ ಎಂಬುದು ಟೈಮಣ್ಣನಿಗೆ ವೇಳಾಪಟ್ಟಿಯಷ್ಟೇ ಸ್ಪಷ್ಟವಾಗಿ ಕಂಡಿತು. ಎರಡೂ ನಲವತ್ತಕ್ಕೆ ಸೀಟಿ ಊದುತ್ತಾನೆ. ನಾಲ್ಕೂ ನಲವತ್ತಕ್ಕೆ ಚೀಲ ಮುಟ್ಟುತ್ತದೆ. ಎರಡು ತಿಂಗಳ ಮೇಲೆ ಕಾಗದ ಬರುತ್ತದೆ, ಊರಾಚೆಯ ಕಾಲೇಜು. ಅಂಕ ಸಾಲಲಿಲ್ಲವೇನೋ ಎನ್ನುತ್ತಾರೆ ಎಲ್ಲರೂ. ಹಾರಿ ಹಿಡಿಯುವುದೆಂದರೆ ಸುಮ್ಮನೆಯೇ, ಹುಡುಗಿ ಹಾರಿದ್ದೇ ದೊಡ್ಡದು ಎನ್ನುತ್ತಾರೆ. ಹೆಂಡತಿ ದೇವರಿಗೆ ಕೈ ಮುಗಿಯುತ್ತಾಳೆ. ಮಗಳು ನಾಲ್ಕು ದಿನ ಮುಖ ಊದಿಸಿಕೊಂಡಿರುತ್ತಾಳೆ, ಆಮೇಲೆ ದಿನಾ ಸಂಜೆ ಐದೂ ಕಾಲಿನ ಬಸ್ಸಿಗೆ ಇಳಿಯುತ್ತಾಳೆ. ಗೂಡಿಗೆ ಬಂದು, ಕುರ್ಚಿ ಎಳೆದುಕೊಂಡು, ಇವತ್ತು ಏನಾಯಿತು ಗೊತ್ತಾ ಅಪ್ಪ ಎನ್ನುತ್ತಾಳೆ. ಇನ್ನು ಮೂರು ವರ್ಷ. ಅವನಿಗೆ ಆ ಕುರ್ಚಿ ಎಳೆಯುವ ಸದ್ದು ಈಗಲೇ ಕೇಳಿಸಿತು. ಎಷ್ಟು ಆಸೆಯಾಯಿತೆಂದರೆ, ಬಾಯಿ ಒಣಗಿತು. ನೀರು ಕುಡಿಯಲು ಏಳಲಿಲ್ಲ.

ಎರಡೂ ಮೂವತ್ತೆಂಟಕ್ಕೆ ಡ್ರೈವರು ಇಂಜಿನ್ನು ಶುರುಮಾಡಿದ. ಎರಡೂ ನಲವತ್ತಕ್ಕೆ ಟೈಮಣ್ಣ ಬಾಗಿಲಿಗೆ ಬಂದು ಸೀಟಿಯನ್ನು ತುಟಿಗಿಟ್ಟ. ಉಸಿರು ಬರಲಿಲ್ಲ. ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದ. ಟೈಮಣ್ಣ ಸೀಟಿಯನ್ನು ಜೇಬಿಗಿಳಿಸಿ, ತಾನು ಬರುವವರೆಗೂ ಗಾಡಿ ತೆಗೆಯಬೇಡ ಎಂದು ಹೇಳಿ, ಗುಮಾಸ್ತನನ್ನು ಚೀಲದ ಸಮೇತ ಗೂಡಿಗೆ ಇಳಿದು ಬರಲು ಹೇಳಿ, ರಸ್ತೆ ದಾಟಿ ಶಾಲೆಯ ಕಡೆ ಓಡಿದ. ಡ್ಯೂಟಿಯ ಹೊತ್ತಿನಲ್ಲಿ ಅವನು ಗೇಟು ದಾಟಿದ್ದನ್ನು ಅದುವರೆಗೆ ಕಂಡವರು ಅಲ್ಲಿ ಯಾರೂ ಇರಲಿಲ್ಲ. ಕಾವಲುಗಾರ ಬೆಂಕಿ ಬಿದ್ದಿದೆಯೇನೋ ಎಂದು ಹಿಂದೆ ತಿರುಗಿ ನೋಡಿದನಂತೆ.

ಟೀಚರು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದರು. ಬಾಗಿಲಲ್ಲಿ ಟೈಮಣ್ಣ, ಪ್ಯಾಂಟಿನ ಮೇಲೆ ಬಿಳಿ ಬಣ್ಣ, ಕೈಯಲ್ಲಿ ಕಾರ್ಬನ್ ಪ್ರತಿ, ಏದುಸಿರು. ಅವನು ಹೇಳಿದ್ದನ್ನು ಕೇಳಿ ಅವರು ಕನ್ನಡಕ ತೆಗೆದರು.

"ನಾನು ನಿನ್ನೆ ಸಹಿ ಮಾಡುವಾಗ್ಲೇ ನೋಡಿದೆ," ಎಂದರು. "ಮನೇಲಿ ಕೂತು ಹಾಗೆ ತೀರ್ಮಾನ ಮಾಡಿರ್ತೀರಿ ಅಂದ್ಕೊಂಡೆ. ಎಷ್ಟೋ ಮನೇಲಿ ಪಟ್ಟಿ ರಾತ್ರೋರಾತ್ರಿ ತಲೆಕೆಳಗಾಗುತ್ತೆ, ಅದರಲ್ಲೂ ಹೆಣ್ಣುಮಕ್ಕಳದು. ನಾನು ಕೇಳೋದನ್ನ ಬಿಟ್ಟುಬಿಟ್ಟಿದೀನಿ."

ಅದು ಬೈಗುಳವಾಗಿರಲಿಲ್ಲ, ಆದರೆ ಅವನಿಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಟೀಚರು ಅಷ್ಟರಲ್ಲಿ ಎದ್ದು ಬೀರು ತೆರೆದಿದ್ದರು. ಇಬ್ಬರು ವಿದ್ಯಾರ್ಥಿಗಳು ಅರ್ಜಿಯೇ ಹಾಕುವುದಿಲ್ಲವೆಂದು ವಾಪಸು ಕೊಟ್ಟ ಖಾಲಿ ಫಾರಂ ಅಲ್ಲಿದ್ದವು. ಒಂದನ್ನು ಎಳೆದುಕೊಂಡು, ಮಗಳನ್ನು ಕ್ಲಾಸಿನಿಂದ ಕರೆಸಿ, ಮೂವರೂ ರಸ್ತೆ ದಾಟಿದರು. ದಾಟುವಾಗಲೇ ಅವನು ಮಗಳಿಗೆ ವಿಷಯ ಹೇಳಿದ. ನಡೆಯುತ್ತಿದ್ದವಳು ಓಡತೊಡಗಿದಳು.

ಗೂಡಿನೊಳಗೆ ಇಬ್ಬರಿಗೆ ಮಾತ್ರ ಜಾಗ. ಟೀಚರು, ಗುಮಾಸ್ತ ಬಾಗಿಲಲ್ಲಿ ನಿಂತು ಚೀಲದೊಳಗಿನ ಹಳೆಯ ಫಾರಂ ಹುಡುಕುತ್ತಿದ್ದರು. ಬಸ್ಸಿನಿಂದ ಯಾರೋ ಇವತ್ತೇ ಹೋಗುವುದೋ ನಾಳೆಯೋ ಎಂದು ಕೂಗಿದರು. ಮಗಳು ತನ್ನ ಎಂದಿನ ಕುರ್ಚಿ ಎಳೆದುಕೊಂಡು ಕೂತಳು. ಟೈಮಣ್ಣ ಪೆನ್ನಿನ ಮುಚ್ಚಳ ತೆಗೆದು ಬರೆಯಹೋದವನು ತಡೆದ. ತನ್ನ ಕೈಯ ಮೇಲೆ ಅವನಿಗೇ ನಂಬಿಕೆ ಹೋಗಿತ್ತು.

"ನೀನೇ ಬರಿ. ಗುಂಡಗಿಲ್ದಿದ್ರೂ ಪರವಾಗಿಲ್ಲ, ನಿಧಾನಕ್ಕೆ ಬರಿ."

ಅವಳು ಪೆನ್ನು ತೆಗೆದುಕೊಂಡಳು. ಖಾನೆಯಿಂದ ಅವನು ತೆಗೆದಿಟ್ಟ ಚೀಟಿಗಳ ಮೇಲೆ ಕಣ್ಣು ಹಾಯಿತು. ಎಲ್ಲಕ್ಕಿಂತ ಮೇಲಿದ್ದದ್ದು ಊರಾಚೆಯ ಕಾಲೇಜಿನದು, ಅದೂ ಬೋರಲಾಗಿ, ಹಿಂಬದಿ ಕಾಣುವ ಹಾಗೆ. ಅವಳು ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು.

"ಮರೆತು ಬರೆದ್ಯಾ ಅಪ್ಪ, ಬೇಕಂತ ಬರೆದ್ಯಾ?"

ಹೊರಗೆ ಇಂಜಿನ್ನು ಗುರುಗುಡುತ್ತಿತ್ತು. ಮರೆತು ಎಂದರೆ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷದ ಬೋರ್ಡುಗಳು ಸಾಕ್ಷಿ ಹೇಳುತ್ತಿದ್ದವು.

"ಗೊತ್ತಿಲ್ಲ ಕಣಮ್ಮ," ಎಂದ. "ಇಷ್ಟೊತ್ತೂ ಅದನ್ನೇ ಯೋಚಿಸ್ತಿದ್ದೆ. ಚೀಟಿ ಹಿಂದೆ ಓದಿದೆ, ಕೈ ಬರೀತು. ನಿಜವಾಗ್ಲೂ ಗೊತ್ತಿಲ್ಲ."

ಮಗಳು ತಲೆ ತಗ್ಗಿಸಿ ಫಾರಮ್ಮಿನ ಮೊದಲ ಗೆರೆಯ ಮೇಲೆ ಪೆನ್ನಿನ ಮೊನೆ ಇಟ್ಟಳು. ಆಮೇಲೆ, "ನೀನು ಹೇಳು, ನಾನು ಬರೀತೀನಿ," ಎಂದಳು.

ಚೀಟಿ ನೋಡಿ ಅವಳೇ ಬರೆದುಕೊಳ್ಳಬಹುದಿತ್ತು. ಅವಳು ಹೇಳು ಎಂದಳು. ಟೈಮಣ್ಣ ಬಾಗಿಲ ಚೌಕಟ್ಟು ಹಿಡಿದುಕೊಂಡು ಶುರುಮಾಡಿದ. ಮೊದಲು ಕಡಲಿನ ಕಾಲೇಜು. ಆ ಹೆಸರು ಅವನು ಎಷ್ಟೋ ಸಲ ಬೋರ್ಡಿನ ತಳದಲ್ಲಿ ಬರೆದಿದ್ದ ಊರಿನದು. ಮೊದಲ ಮಾತಾಗಿ ಬಾಯಿಂದ ಹೊರಟಾಗ ಬೇರೆ ಯಾವುದೋ ಊರಿನ ಹಾಗೆ ಕೇಳಿಸಿತು. ಆಮೇಲೆ ರಾಜಧಾನಿಯ ದೊಡ್ಡ ಕಾಲೇಜು. ಆಮೇಲೆ ನದಿಯ ಊರು. ಅವಳು ತುಟಿ ಕಚ್ಚಿಕೊಂಡು, ಒಂದೊಂದು ಅಕ್ಷರವನ್ನೂ ಮೊಳೆ ಹೊಡೆದ ಹಾಗೆ ಊರಿ ಬರೆಯುತ್ತಿದ್ದಳು. ಅವಳು ಬರೆದು ಮುಗಿಸುವವರೆಗೆ ಅವನು ಕಾಯುತ್ತಿದ್ದ, ತಲೆಯೆತ್ತಿದಾಗ ಮುಂದಿನದನ್ನು ಹೇಳುತ್ತಿದ್ದ. ಗುಡ್ಡದ ಊರು. ರೈಲು ಕೂಡುವ ಊರು. ಒಂದೊಂದೂ ಒಂದೊಂದು ಗಂಟೆ ಇತ್ತ ಇತ್ತ ಬರುತ್ತಿತ್ತು. ಏಳನೆಯದಕ್ಕೆ ಬರುವ ಹೊತ್ತಿಗೆ ಅವನಿಗೆ ಇದೆಂಥ ಸಾಲು ಎಂದು ಹೊಳೆಯಿತು. ಇಷ್ಟು ವರ್ಷ ಅವನು ಬರೆಯದೆ ಬಿಟ್ಟಿದ್ದ ಮುಖ ಇದು, ಆ ಕಡೆಯವರು ಬರೆದು ಕಳಿಸುತ್ತಿದ್ದದ್ದು. ಎಂಟನೆಯದಾಗಿ ಊರಾಚೆಯ ಕಾಲೇಜಿನ ಹೆಸರನ್ನು ಎರಡು ಸಲ ಹೇಳಬೇಕಾಯಿತು.

ಮಗಳು ಸಹಿ ಮಾಡಿದಳು. ಟೀಚರು ಸಹಿ ಮಾಡಿದರು. ಹಳೆಯ ಫಾರಂ ಹರಿದು ಚೂರುಗಳನ್ನು ಗುಮಾಸ್ತನ ಕಣ್ಣೆದುರೇ ಬುಟ್ಟಿಗೆ ಹಾಕಿದರು. ಗುಮಾಸ್ತ ಮತ್ತೆ ಚೀಲ ಅವಚಿಕೊಂಡು ಬಸ್ಸು ಹತ್ತಿ, ಕಚೇರಿಯವರು ಐದಕ್ಕೆ ಬಾಗಿಲು ಹಾಕಿದರೆ ತನ್ನನ್ನು ಬೈಯಬೇಡಿ ಎಂದ. ಡ್ರೈವರು, ಒಂದೇ ಒಂದು ದಿನ ಟೈಮಣ್ಣ ಲೇಟು ಮಾಡಿದ್ದಾನೆ, ಅದನ್ನು ದಾರಿಯಲ್ಲಿ ತಿಂದುಹಾಕದಿದ್ದರೆ ತಾನು ಡ್ರೈವರೇ ಅಲ್ಲ ಎಂದು ಗೇರು ಹಾಕಿದ. ಈ ಸಲ ಸೀಟಿಗೆ ಉಸಿರು ಬಂತು.

ಎರಡೂ ನಲವತ್ತೊಂಬತ್ತು. ಮಗಳು, ಟೀಚರು ರಸ್ತೆ ದಾಟಿ ಹೋದರು. ಮಗಳು ಆ ಬದಿಗೆ ಮುಟ್ಟಿದ ಮೇಲೆ ಒಮ್ಮೆ ತಿರುಗಿ ನೋಡಿದಳು, ಕೈ ಬೀಸಲಿಲ್ಲ. ಟೈಮಣ್ಣ ರಿಜಿಸ್ಟರು ತೆರೆದು ಹೊರಟ ಗಳಿಗೆ ಬರೆದ. ಕಾರಣದ ಅಂಕಣದ ಮುಂದೆ ಪೆನ್ನು ಹಿಡಿದು ಯೋಚಿಸಿ, ಟೈಮ್‌ಕೀಪರ್ ಎಂದು ಬರೆದ. ಅದು ಕೂಡ ಮುತ್ತಿನ ಹಾಗೇ ಬಂತು.

ಶೆಡ್ಡಿಗೆ ಸುದ್ದಿ ತಲುಪಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹೆಂಡತಿ ಬಾಗಿದ ಸೂಜಿಯನ್ನು ಬಟ್ಟೆಗೆ ಚುಚ್ಚಿಕೊಂಡೇ ಬಂದಳು. ನಡೆದದ್ದನ್ನೆಲ್ಲ ಕೇಳಿ, ಗೂಡಿನ ಹೊರಗೆ ಅರ್ಧ ಬರೆದಿದ್ದ ಬೋರ್ಡನ್ನು ನೋಡುತ್ತಾ ನಿಂತಳು. ಬೈಯುತ್ತಾಳೆ ಎಂದುಕೊಂಡ.

"ಹಾಗೇ ಬಿಟ್ಟಿದ್ರೆ ನಾನಂತೂ ಬೈತಿರಲಿಲ್ಲ ರೀ," ಎಂದಳು. ಸೂಜಿಯನ್ನು ಕೈಗೆ ತೆಗೆದುಕೊಂಡು, "ನೀವು ಬಿಡಲ್ಲ ಅಂತಾನೂ ಗೊತ್ತಿತ್ತು. ಹನ್ನೊಂದು ಗಂಟೆ ದಾರಿ. ಆ ಬಸ್ಸಿನ ಸೀಟಿಗೆ ಒಳಗೆ ಇನ್ನೊಂದು ಪದರ ಹಾಕಿ ಹೊಲೀತೀನಿ. ಕಿಟಕಿ ಪಕ್ಕದ್ದಕ್ಕೆ." ಅಷ್ಟು ಹೇಳಿ ಮೂಗು ಒರೆಸಿಕೊಂಡು ಹೋದಳು. ಸೀಟು ಇನ್ನೂ ಸಿಕ್ಕಿಲ್ಲ ಕಣೇ, ಅಂಕ ಒಂದು ಕಡಿಮೆಯಿದೆ ಎಂದು ಅವನು ನೆನಪಿಸಲು ಹೋಗಲಿಲ್ಲ. ಅವನಿಗೂ ಆ ಕಿಟಕಿ ಕಾಣುತ್ತಿತ್ತು.

ಅವತ್ತು ಸಂಜೆ ಮಗಳಿಗೆ ಎಂಟರವರೆಗೆ ಪರೀಕ್ಷೆಯ ವಿಶೇಷ ಕ್ಲಾಸು. ಏಳೂ ಇಪ್ಪತ್ತಕ್ಕೆ ಸರಿಯಾಗಿ ಕಡಲಿನ ಬಸ್ಸು ಒಳಗೆ ಬಂತು. ಜನ ಇಳಿದರು, ಮೈ ಮುರಿದರು, ಚೀಲ ಎತ್ತಿಕೊಂಡು ಹೋದರು. ಟೈಮಣ್ಣ ಡ್ರೈವರನ್ನು ಅಲೆಯ ವಿಚಾರ ಕೇಳಲಿಲ್ಲ. ಆ ಊರಿನಲ್ಲಿ ಕೊನೆಯ ಸ್ಟಾಪಿನಿಂದ ಕಾಲೇಜಿನ ಗೇಟಿಗೆ ಎಷ್ಟು ದೂರ, ದಾರಿಯಲ್ಲಿ ದೀಪವಿದೆಯೇ ಎಂದು ಕೇಳಿದ. ಡ್ರೈವರು ತಲೆ ಕೆರೆದುಕೊಂಡು, ಇಪ್ಪತ್ತು ವರ್ಷದಿಂದ ಹೋಗುತ್ತಿದ್ದರೂ ಅದನ್ನು ನೋಡಿಲ್ಲವಲ್ಲ, ನಾಳಿದ್ದು ನಡೆದು ನೋಡಿ ಬಂದು ಹೇಳುತ್ತೇನೆ ಎಂದ.

ಗುರುವಾರ ಎಂಬುದು ಆಗ ನೆನಪಾಯಿತು. ಒಂದು ವಾರ ತಪ್ಪಿದರೆ ಮಗಳ ಲೆಕ್ಕ ಕೆಡುತ್ತದೆ. ಅವನು ಗೂಡಿನಿಂದ ಅವಳ ಬ್ಲೇಡು, ಒಂದು ಖಾಲಿ ಬೆಂಕಿಪೊಟ್ಟಣ ತಂದು, ಎರಡೂ ಮಂಡಿ ಊರಿ, ಮೆಟ್ಟಿಲಿನ ಅಡಿಗೆ ತಲೆ ತೂರಿಸಿದ. ಅಲ್ಲಿ ಇನ್ನೂ ದಾರಿಯ ಬಿಸಿಯಿತ್ತು. ಅವಳು ಹೇಳುತ್ತಿದ್ದ ಹಾಗೆಯೇ ಕಬ್ಬಿಣ ಬೊಬ್ಬೆ ಎದ್ದಿತ್ತು. ಬ್ಲೇಡು ತಾಗಿಸಿದರೆ ಸಾಕು, ಪದರ ಪದರವಾಗಿ ಕಳಚಿ ಪೊಟ್ಟಣಕ್ಕೆ ಬೀಳುತ್ತಿತ್ತು. ಹಿಂದೆ ಕಂಡಕ್ಟರಮ್ಮ ಯಾರನ್ನೋ ಕೇಳುತ್ತಿದ್ದಳು, ಟೈಮಣ್ಣ ಅಲ್ಲೇನು ಹುಡುಕುತ್ತಿದ್ದಾರೆ ಅಂತ.

ಎದ್ದು ನಿಂತು ಪೊಟ್ಟಣ ಮುಚ್ಚಿ, ಅದರ ಮೇಲೆ ತಾರೀಖು, ಬಸ್ಸಿನ ನಂಬರು, ಬಂದ ಗಳಿಗೆ ಬರೆದ. ಬೆರಳ ತುದಿಗೆ ಕೆಂಪು ಪುಡಿ ಅಂಟಿಕೊಂಡಿತ್ತು. ಒರೆಸಿಕೊಳ್ಳಲು ಪ್ಯಾಂಟಿನತ್ತ ಹೋದ ಕೈಯನ್ನು ನಿಲ್ಲಿಸಿ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬೆರಳನ್ನು ನಾಲಿಗೆಗೆ ತಾಗಿಸಿದ. ಕಬ್ಬಿಣದ ಒಗರು. ಅದರ ಹಿಂದೆಯೇ, ತಡವಾಗಿ, ಉಪ್ಪು.